ಸಂಬಳ ಕಡಿತ, ಖಾತೆ ಜಪ್ತಿ: ಕಾನೂನು ಬಿಟ್ಟುಕೊಟ್ಟ ಪಾಲನ್ನು ಕೇಳಿ ಪಡೆಯಿರಿ

ಪಾಸ್‌ಬುಕ್‌ನಲ್ಲಿ ಹಣ ಇದೆ, ಎಟಿಎಂನಲ್ಲಿ ಬರುವುದಿಲ್ಲ. ಬ್ಯಾಂಕಿನಲ್ಲಿ ವಿಚಾರಿಸಿದರೆ ‘ಖಾತೆ ಹೋಲ್ಡ್ ಆಗಿದೆ, ನಮ್ಮ ಕೈಯಲ್ಲಿಲ್ಲ’ ಎನ್ನುತ್ತಾರೆ. ಸಂಬಳದಾರರಾದರೆ ತಿಂಗಳ ಕೊನೆಯ ಚೀಟಿಯಲ್ಲಿ ‘ಕೋರ್ಟ್ ಕಡಿತ’ ಎಂಬ ಹೊಸ ಸಾಲು ಸೇರಿರುತ್ತದೆ. ಮಧುವನಹಳ್ಳಿ, ಕಾಮಗೆರೆ, ಹನೂರು, ಯಳಂದೂರು ಸುತ್ತಿನಲ್ಲಿ ಇದು ಅಪರೂಪದ ಸಂಗತಿಯಲ್ಲ. ರೇಷ್ಮೆ ನೂಲಿಗೆಂದು ಮಾಡಿದ ಸಾಲ, ಬೈಕಿನ ಫೈನಾನ್ಸ್, ನೆಂಟರಿಗೆ ಹಾಕಿದ ಜಾಮೀನು, ಅಂಗಡಿಯ ತೆರಿಗೆ ಬಾಕಿ, ಯಾವುದರಿಂದ ಬೇಕಾದರೂ ಈ ಸ್ಥಿತಿ ಬರಬಹುದು.

ಆಗ ಜನ ಸಾಮಾನ್ಯವಾಗಿ ಎರಡರಲ್ಲಿ ಒಂದನ್ನು ಮಾಡುತ್ತಾರೆ. ಹೆದರಿ ಊರು ಬಿಡುತ್ತಾರೆ, ಇಲ್ಲವೇ ‘ಇನ್ನೇನು ಮಾಡೋಕಾಗುತ್ತೆ’ ಎಂದು ನೋಟಿಸನ್ನು ಮಡಚಿಟ್ಟು ಸುಮ್ಮನಾಗುತ್ತಾರೆ. 2025ರ ಜನವರಿಯಲ್ಲಿ ನಮ್ಮದೇ ಚಾಮರಾಜನಗರ ಜಿಲ್ಲೆಯ ಕೆಲವು ಹಳ್ಳಿಗಳಲ್ಲಿ ಮೈಕ್ರೋಫೈನಾನ್ಸ್ ವಸೂಲಿಗಾರರ ಕಾಟಕ್ಕೆ ಕುಟುಂಬಗಳು ಮನೆಗೆ ಬೀಗ ಹಾಕಿ ಹೊರಟುಹೋದದ್ದು ರಾಜ್ಯದುದ್ದಕ್ಕೂ ಸುದ್ದಿಯಾಯಿತು. ಅದರ ಮರುತಿಂಗಳೇ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಎಂದು ಗೊತ್ತುಮಾಡಿತು.

ಬಾಗಿಲಲ್ಲಿ ನಿಂತು ಕೂಗಾಡುವುದು ಬೇರೆ, ಕಾನೂನಿನ ಜಪ್ತಿ ಬೇರೆ. ಸಾಲ ಕೊಟ್ಟವನು ತಾನಾಗಿ ನಿಮ್ಮ ಸಂಬಳವನ್ನೋ ಬೇರೆ ಬ್ಯಾಂಕಿನಲ್ಲಿರುವ ನಿಮ್ಮ ಖಾತೆಯನ್ನೋ ಹಿಡಿಯಲಾರ. ಹಿಡಿಯಲು ಅಧಿಕಾರವುಳ್ಳವರ ಆದೇಶ ಬೇಕು. ಕೋರ್ಟು ಹಿಡಿದರೂ ಸಂಸಾರ ನಡೆಯಲು ಒಂದು ಪಾಲು ಬಿಡಬೇಕು. ಆದರೆ ಆ ಪಾಲು ತಾನಾಗಿ ಮನೆಗೆ ಬರುವುದಿಲ್ಲ, ನೀವೇ ಹೋಗಿ ಕೇಳಬೇಕು. ಹೇಗೆ ಕೇಳಬೇಕೆಂಬುದೇ ಈ ಲೇಖನ.

ಹಣ ನಿಲ್ಲುವುದು ಹೇಗೆ?

ನಿಮಗೆ ಹಣ ಕೊಡಬೇಕಾದವರು ಯಾರೋ ಇರುತ್ತಾರೆ. ಸಂಬಳ ಕೊಡುವವನು ಮಾಲೀಕ ಅಥವಾ ಇಲಾಖೆಯ ಬಟವಾಡೆ ಅಧಿಕಾರಿ, ಠೇವಣಿ ಹಿಂದಿರುಗಿಸಬೇಕಾದದ್ದು ಬ್ಯಾಂಕು. ಕೋರ್ಟು ಅಥವಾ ತೆರಿಗೆ ಇಲಾಖೆ ನಿಮ್ಮನ್ನು ಬಿಟ್ಟು ನೇರವಾಗಿ ಅವರಿಗೇ ಬರೆಯುತ್ತದೆ: ‘ಇವರಿಗೆ ಕೊಡಬೇಡಿ, ನಮಗೆ ಕಟ್ಟಿ.’ ಅದನ್ನು ಮೀರಿ ನಿಮಗೆ ಕೊಟ್ಟರೆ ಅಷ್ಟು ಹಣಕ್ಕೆ ಅವರೇ ಹೊಣೆ. ಆದ್ದರಿಂದ ಮ್ಯಾನೇಜರ್ ಎದುರು ಎಷ್ಟು ಗೋಗರೆದರೂ, ಎಷ್ಟು ಜಗಳವಾಡಿದರೂ ಕೆಲಸವಾಗದು. ಕಟ್ಟು ಬಿಚ್ಚುವ ಅಧಿಕಾರ ಆದೇಶ ಹೊರಡಿಸಿದವರಿಗೆ ಮಾತ್ರ. ಮೊದಲು ತಿಳಿಯಬೇಕಾದದ್ದು ಅವರು ಯಾರೆಂಬುದನ್ನೇ.

ಆದೇಶ ಯಾರದಿರಬಹುದು?

1. ಸಿವಿಲ್ ಕೋರ್ಟು. ಪ್ರೋನೋಟು, ಚೀಟಿ, ಬ್ಯಾಂಕ್ ಸಾಲದ ದಾವೆಯಲ್ಲಿ ಡಿಕ್ರಿ ಆದ ಮೇಲೆ ಡಿಕ್ರಿದಾರ (ಡಿಕ್ರಿ ಪಡೆದವನು) ಅದನ್ನು ಜಾರಿ ಮಾಡಿಸಲು ಅಮಲ್ಜಾರಿ ಅರ್ಜಿ ಹಾಕುತ್ತಾನೆ. ಅದರಲ್ಲಿ ಸಂಬಳ ಅಥವಾ ಖಾತೆಯ ಜಪ್ತಿ ಕೇಳುತ್ತಾನೆ. ಅಮಲ್ಜಾರಿಗೆ 12 ವರ್ಷ ಅವಕಾಶವಿರುವುದರಿಂದ ‘ಹಳೇ ಕೇಸು, ಸತ್ತುಹೋಯಿತು’ ಎಂದು ಮರೆಯಬೇಡಿ. ವಾಹನ ಫೈನಾನ್ಸ್ ಕಂಪನಿಗಳು ಕೋರ್ಟಿನ ಬದಲು ಮಧ್ಯಸ್ಥಗಾರರ ಮುಂದೆ ಹೋಗುವುದೂ ಉಂಟು. ದೂರದ ನಗರದಿಂದ ಇಂಗ್ಲಿಷಿನಲ್ಲಿ ಬರುವ ಆ ನೋಟಿಸನ್ನು ಕಸಕ್ಕೆ ಹಾಕಬೇಡಿ, ಮಧ್ಯಸ್ಥಗಾರರ ತೀರ್ಪನ್ನು ಕೋರ್ಟ್ ಡಿಕ್ರಿಯಂತೆಯೇ ಜಾರಿ ಮಾಡಬಹುದು.

2. ಸಹಕಾರ ಸಂಘ. ನೌಕರರ ಪತ್ತಿನ ಸಂಘದಲ್ಲಿ ಸಾಲ ಪಡೆಯುವಾಗ ‘ನನ್ನ ಸಂಬಳದಿಂದ ಕಡಿದು ಕಟ್ಟಬಹುದು’ ಎಂದು ಒಪ್ಪಿಗೆ ಬರೆದುಕೊಟ್ಟಿದ್ದರೆ, ಸಂಘದ ಪತ್ರದ ಮೇಲೆಯೇ ಕಡಿತ ನಡೆಯಬಹುದು.

3. ತೆರಿಗೆ ಇಲಾಖೆ. ಆದಾಯ ತೆರಿಗೆ ಮತ್ತು ಜಿಎಸ್‌ಟಿ ಅಧಿಕಾರಿಗಳು ಕೋರ್ಟಿಗೆ ಹೋಗದೆ ನೇರವಾಗಿ ಬ್ಯಾಂಕಿಗೆ ಬರೆಯಬಲ್ಲರು.

4. ಬ್ಯಾಂಕೇ. ಅದೇ ಬ್ಯಾಂಕಿನಲ್ಲಿ ನಿಮ್ಮ ಸಾಲ ಸುಸ್ತಿಯಾಗಿದ್ದರೆ ಖಾತೆಯ ಹಣವನ್ನು ಅದಕ್ಕೆ ವಜಾ ಹಾಕಿಕೊಳ್ಳುವ ಹಕ್ಕನ್ನು ಬ್ಯಾಂಕು ಚಲಾಯಿಸುತ್ತದೆ. ಇದು ಜಪ್ತಿಯಲ್ಲ, ಇದರ ದೂರಿನ ದಾರಿಯೂ ಬೇರೆ.

5. ಪೊಲೀಸರು. ಸೈಬರ್ ವಂಚನೆಯ ಹಣ ಯುಪಿಐ ಮೂಲಕ ನಿಮ್ಮ ಖಾತೆಗೂ ಹರಿದಿದ್ದರೆ, ದೂರು ದಾಖಲಾದ ಊರಿನ ಪೊಲೀಸರ ಸೂಚನೆಯಂತೆ ತಡೆ ಬೀಳುತ್ತದೆ. ಇದು ಸಾಲದ ವಿಷಯವೇ ಅಲ್ಲ. ಬ್ಯಾಂಕಿನಿಂದ ದೂರಿನ ಸಂಖ್ಯೆ ಮತ್ತು ಠಾಣೆಯ ವಿವರ ಪಡೆದು ಅಲ್ಲಿಗೆ ದಾಖಲೆ ಕಳುಹಿಸಬೇಕು.

ಕಂತಿನ ದಿನ ಆಟೋ ಡೆಬಿಟ್ ಆಗಿ ಹಣ ಹೋಗುವುದನ್ನೂ ಹಲವರು ಜಪ್ತಿ ಎಂದುಕೊಳ್ಳುತ್ತಾರೆ. ಅದು ಸಾಲದ ಕಾಗದಗಳ ಜತೆ ನೀವೇ ಸಹಿ ಹಾಕಿಕೊಟ್ಟ ಒಪ್ಪಿಗೆ, ಅಷ್ಟೇ.

ಮುಟ್ಟಬಾರದ್ದು ಯಾವುದು?

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಇಲ್ಲಿ ನಿಮ್ಮ ಆಧಾರ. ದುಡಿಯುವವನ ಕೈಯನ್ನೇ ಕಟ್ಟಿಹಾಕಿದರೆ ಸಾಲ ತೀರುವುದಾದರೂ ಹೇಗೆ ಎಂಬ ವಿವೇಕ ಅದರ ಹಿಂದಿದೆ. ಕೋರ್ಟ್ ಡಿಕ್ರಿಯ ಜಪ್ತಿಯಿಂದ ಅದು ಹೊರಗಿಟ್ಟಿರುವ ಮುಖ್ಯ ಸಂಗತಿಗಳು ಇವು:

1. ಕೂಲಿ. ಕೂಲಿಕಾರರ, ಮನೆಗೆಲಸದವರ ಕೂಲಿ ಪೂರ್ತಿ ಹೊರಗೆ. ಕುಶಲ, ಅರೆಕುಶಲ ಕಾರ್ಮಿಕರೂ ಇದರಲ್ಲಿ ಸೇರುತ್ತಾರೆ, ಬೋನಸ್ಸೂ ಸೇರುತ್ತದೆ. ಕೂಲಿಗೆ ಮಗ್ಗ ನೇಯುವವರು, ನೂಲು ಬಿಚ್ಚುವವರು ಇದನ್ನು ತಿಳಿದಿರಬೇಕು.

2. ಸಂಬಳದ ಬಹುಪಾಲು. ಮೊದಲ 1,000 ರೂಪಾಯಿ ಮತ್ತು ಉಳಿದದ್ದರಲ್ಲಿ ಮೂರನೇ ಎರಡು ಪಾಲು ಮುಟ್ಟುವಂತಿಲ್ಲ. ಸಂಬಳ 25,000 ಎಂದಿಟ್ಟುಕೊಳ್ಳಿ. 1,000 ತೆಗೆದರೆ 24,000. ಅದರಲ್ಲಿ 16,000 ನಿಮ್ಮದು. ಜಪ್ತಿಗೆ ಸಿಗುವುದು 8,000 ಮಾತ್ರ, ಕೈಗೆ 17,000 ಬರಬೇಕು. ಹೆಂಡತಿ ಮಕ್ಕಳ ಜೀವನಾಂಶದ ಡಿಕ್ರಿಯಾದರೆ ಲೆಕ್ಕ ತಿರುಗುತ್ತದೆ: ಮೂರನೇ ಒಂದು ಪಾಲಿಗೆ ಮಾತ್ರ ರಕ್ಷಣೆ.

3. ಇಪ್ಪತ್ತನಾಲ್ಕು ತಿಂಗಳ ಮಿತಿ. ಜೀವನಾಂಶ ಬಿಟ್ಟು ಬೇರೆ ಸಾಲದ ಒಂದೇ ಡಿಕ್ರಿಗಾಗಿ ಒಟ್ಟು 24 ತಿಂಗಳು ಸಂಬಳ ಕಡಿತವಾಗಿದ್ದರೆ, ಆ ಡಿಕ್ರಿಗೆ ಮತ್ತೆ ಸಂಬಳ ಮುಟ್ಟುವಂತಿಲ್ಲ. ಬೇರೆ ಬೇರೆ ಡಿಕ್ರಿಗಳಾದರೆ 24 ತಿಂಗಳ ನಂತರ 12 ತಿಂಗಳ ಬಿಡುವು ಸಿಗಬೇಕು. ಕಚೇರಿಯಲ್ಲಿ ಇದನ್ನು ನೆನಪಿಟ್ಟು ನಿಲ್ಲಿಸುವವರು ಕಡಿಮೆ. ಕಡಿತ ಶುರುವಾದ ತಿಂಗಳನ್ನು ನೀವೇ ಬರೆದಿಟ್ಟುಕೊಳ್ಳಿ.

4. ಪಿಂಚಣಿ, ಗ್ರಾಚ್ಯುಟಿ, ಭವಿಷ್ಯನಿಧಿ. ಪಿಎಫ್ ಮತ್ತು ಪಿಪಿಎಫ್ ಹಣ, ಜೀವವಿಮೆಯ ಮೊತ್ತ ಜಪ್ತಿಗೆ ಹೊರಗೆ.

5. ದುಡಿಮೆಯ ಸಾಧನ. ಕಸುಬುದಾರರ ಉಪಕರಣ, ರೈತರ ಉಳುಮೆಯ ಸಲಕರಣೆ, ಜೀವನಕ್ಕೆ ಬೇಕಾದಷ್ಟು ದನ, ಬಿತ್ತನೆ ಬೀಜ ಇದರಲ್ಲಿ ಸೇರುತ್ತವೆ. ರೈತ, ಕೂಲಿಕಾರ ವಾಸವಿರುವ ಮನೆ, ಅಡುಗೆ ಪಾತ್ರೆ, ಹಾಸಿಗೆ, ಧರ್ಮಾಚಾರದಂತೆ ಹೆಣ್ಣು ತೆಗೆಯಬಾರದ ಒಡವೆಗಳೂ ಸೇರುತ್ತವೆ.

‘ಈ ರಕ್ಷಣೆ ನನಗೆ ಬೇಡ’ ಎಂದು ಸಾಲದ ಕಾಗದದಲ್ಲಿ ಬರೆಸಿಕೊಂಡಿದ್ದರೂ ಆ ಬರಹಕ್ಕೆ ಬೆಲೆಯಿಲ್ಲ, 60ನೇ ಕಲಮೇ ಅದನ್ನು ರದ್ದು ಎನ್ನುತ್ತದೆ. ಆದರೆ ಮನೆಯನ್ನೋ ಯಂತ್ರವನ್ನೋ ಅಡಮಾನ ಮಾಡಿ ಸಾಲ ಪಡೆದಿದ್ದರೆ ಮಾತು ಬೇರೆ. ಅಡವಿಟ್ಟ ಸ್ವತ್ತಿಗೆ ಈ ಕಲಂ ಅಡ್ಡ ಬರುತ್ತದೆಂದು ನಂಬಿ ಕೂರಬೇಡಿ.

ಹೆಜ್ಜೆ ಹೆಜ್ಜೆಯಾಗಿ ಏನು ಮಾಡಬೇಕು?

1. ಆದೇಶದ ಪ್ರತಿ ಕೇಳಿ. ಬಾಯಿಮಾತು ಸಾಲದು. ಶಾಖೆಯ ಮ್ಯಾನೇಜರ್ ಅಥವಾ ಬಟವಾಡೆ ಅಧಿಕಾರಿಗೆ ಒಂದು ಪುಟದ ಅರ್ಜಿ ಕೊಡಿ. ತಡೆ ಯಾರ ಆದೇಶದಿಂದ, ಅದರ ಸಂಖ್ಯೆ ಮತ್ತು ದಿನಾಂಕ ಏನು, ಎಷ್ಟು ಮೊತ್ತಕ್ಕೆ, ಪೂರ್ತಿ ಖಾತೆಗೋ ಅಷ್ಟೇ ಮೊತ್ತಕ್ಕೋ ಎಂದು ಕೇಳಿ. ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.

2. ಅದು ಅಸಲಿಯೇ ನೋಡಿ. ಕೋರ್ಟ್ ಪ್ರಕರಣವಾದರೆ ಇ-ಕೋರ್ಟ್ಸ್ ಆ್ಯಪ್‌ನಲ್ಲಿ 16 ಅಂಕಿ-ಅಕ್ಷರದ ಸಿಎನ್‌ಆರ್ ಸಂಖ್ಯೆ ಅಥವಾ ನಿಮ್ಮ ಹೆಸರು ಹಾಕಿ ಹುಡುಕಿ. ಆದಾಯ ತೆರಿಗೆ ನೋಟಿಸಾದರೆ ಇಲಾಖೆಯ ಇ-ಫೈಲಿಂಗ್ ಪೋರ್ಟಲ್‌ನಲ್ಲಿ ಅದರ ದಾಖಲೆ ಸಂಖ್ಯೆ ಹಾಕಿ ಖಚಿತಪಡಿಸಿಕೊಳ್ಳಬಹುದು. ವಾಟ್ಸ್‌ಆ್ಯಪ್‌ನಲ್ಲಿ ಬಂದ ‘ಜಪ್ತಿ ವಾರಂಟ್’ ಚಿತ್ರ ನೋಡಿ ಹಣ ಕಳಿಸಬೇಡಿ.

3. ದಿನ ಎಣಿಸಿ. ನಿಮ್ಮ ಗೈರುಹಾಜರಿಯಲ್ಲಿ ಏಕಪಕ್ಷೀಯ ಡಿಕ್ರಿ ಆಗಿದ್ದರೆ ಅದನ್ನು ತೆಗೆಸಲು 30 ದಿನ. ಸಮನ್ಸ್ ಸರಿಯಾಗಿ ಜಾರಿಯಾಗಿರದಿದ್ದರೆ ಡಿಕ್ರಿ ನಿಮಗೆ ತಿಳಿದ ದಿನದಿಂದ ಎಣಿಕೆ. ಮಧ್ಯಸ್ಥಿಕೆಯ ತೀರ್ಪು ಪ್ರಶ್ನಿಸಲು 3 ತಿಂಗಳು. ಜಿಎಸ್‌ಟಿ ಆದೇಶದ ವಿರುದ್ಧ ಮೇಲ್ಮನವಿಗೆ 3 ತಿಂಗಳು. ದಿನ ಮೀರಿದ್ದರೂ ತಡಕ್ಕೆ ಕಾರಣ ಹೇಳಿ ಕೇಳುವ ಅವಕಾಶ ಸ್ವಲ್ಪ ಇರುತ್ತದೆ. ವಕೀಲರನ್ನು ಕಾಣದೆ ಕೈಬಿಡಬೇಡಿ.

4. ಉಚಿತ ವಕೀಲರನ್ನು ಕೇಳಿ. ಕೊಳ್ಳೇಗಾಲದ ನ್ಯಾಯಾಲಯದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ. ಉಳಿದವರಿಗೆ ಆದಾಯ ಮಿತಿ ಇದೆ. ಸಹಾಯವಾಣಿ 15100.

5. ಹಣದ ಮೂಲ ತೋರಿಸಿ. ಕೋರ್ಟ್ ಜಪ್ತಿಯಾದರೆ ಅರ್ಜಿ ಹಾಕಬೇಕಾದದ್ದು ಆದೇಶ ಕೊಟ್ಟ ಅದೇ ಕೋರ್ಟಿಗೆ. ಪಾಸ್‌ಬುಕ್ ಪುಟಗಳ ಪ್ರತಿ ತೆಗೆದು, ಪಿಂಚಣಿ, ಕೂಲಿ, ಸಂಬಳ ಜಮೆಯಾದ ಸಾಲುಗಳಿಗೆ ಗುರುತು ಹಾಕಿ, ಸಂಬಳ ಚೀಟಿ ಅಥವಾ ಪಿಂಚಣಿ ಆದೇಶದ ಪ್ರತಿ ಲಗತ್ತಿಸಿ. ‘ಇಷ್ಟು ಹಣ 60ನೇ ಕಲಮಿನ ರಕ್ಷಣೆಯದು, ಬಿಡುಗಡೆ ಮಾಡಿ’ ಎಂಬುದೇ ಬೇಡಿಕೆ. ಜಂಟಿ ಖಾತೆಯಾದರೆ ಸಾಲವಿಲ್ಲದ ಖಾತೆದಾರರೂ ತಮ್ಮ ಪಾಲಿಗೆ ಪ್ರತ್ಯೇಕ ಅರ್ಜಿ ಹಾಕಬಹುದು.

6. ಕಂತು ಕೇಳಿ. ದಾವೆ ನಡೆಯುತ್ತಿರುವಾಗಲೇ ಕೇಳಿದರೆ ಕೋರ್ಟು ಡಿಕ್ರಿಯಲ್ಲೇ ಕಂತು ಗೊತ್ತುಮಾಡಬಲ್ಲದು. ಡಿಕ್ರಿ ಆದ ಮೇಲೆ ಕಂತಿಗೆ ಡಿಕ್ರಿದಾರನ ಒಪ್ಪಿಗೆ ಬೇಕು. ಸಮನ್ಸ್ ಬಂದ ದಿನ ಕೋರ್ಟಿಗೆ ಹೋಗಿ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

7. ಬಿಡುಗಡೆ ಪತ್ರ ತಲುಪಿಸಿ. ಹಣ ತೀರಿದರೂ ತಡೆ ತಾನಾಗಿ ಏಳುವುದಿಲ್ಲ. ಆದೇಶ ಹಿಂಪಡೆದ ಪತ್ರ ಬ್ಯಾಂಕಿಗೋ ಕಚೇರಿಗೋ ತಲುಪಿತೇ ನೋಡಿ, ನೀವೂ ಒಂದು ಪ್ರತಿ ಕೊಟ್ಟು ಸ್ವೀಕೃತಿ ಪಡೆಯಿರಿ.

ತೆರಿಗೆ ಬಾಕಿಯಾದರೆ

2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಹಲವರು ಕ್ಯೂಆರ್ ಕೋಡನ್ನೇ ಕಿತ್ತುಹಾಕಿದರು. ಗಾಬರಿಗೆ ಕಾರಣ, ನೋಟಿಸಿಗೂ ವಸೂಲಿ ಆದೇಶಕ್ಕೂ ಇರುವ ಅಂತರ ತಿಳಿಯದಿದ್ದದ್ದು. ನೋಟಿಸ್ ಎಂದರೆ ವಿವರಣೆ ಕೊಡಿ ಎಂಬ ಕರೆ. ಸರಕಿನ ವಹಿವಾಟು ವರ್ಷಕ್ಕೆ 40 ಲಕ್ಷ, ಸೇವೆಯದು 20 ಲಕ್ಷ ದಾಟಿದರೆ ನೋಂದಣಿ ಬೇಕು. ಆದರೆ ಹಾಲು, ತರಕಾರಿಯಂಥ ವಿನಾಯಿತಿ ಸರಕಿಗೆ ತೆರಿಗೆ ಇಲ್ಲ, ಮನೆಯವರು ಕಳಿಸಿದ ಹಣ ವಹಿವಾಟಲ್ಲ. ಅದನ್ನು ದಾಖಲೆಯೊಡನೆ ಹೇಳಿದರೆ ಲೆಕ್ಕ ಇಳಿಯುತ್ತದೆ, ಹೇಳದಿದ್ದರೆ ಇಲಾಖೆ ಹಾಕಿದ್ದೇ ಲೆಕ್ಕ.

ಜಿಎಸ್‌ಟಿ ಆದೇಶವಾದ ಮೇಲೂ ಸಾಮಾನ್ಯವಾಗಿ 3 ತಿಂಗಳು ಕಾದು ವಸೂಲಿಗಿಳಿಯಬೇಕು. ವಿವಾದಿತ ತೆರಿಗೆಯ ಶೇ 10 ಕಟ್ಟಿ ಮೇಲ್ಮನವಿ ಹಾಕಿದರೆ ಉಳಿದದ್ದರ ವಸೂಲಿ ತಾನಾಗಿ ನಿಲ್ಲುತ್ತದೆ. ಒಪ್ಪಿಕೊಂಡ ಬಾಕಿಗೆ, ರಿಟರ್ನ್‌ನಲ್ಲಿ ನೀವೇ ತೋರಿಸಿದ ತೆರಿಗೆಯನ್ನು ಬಿಟ್ಟು, 24 ಮಾಸಿಕ ಕಂತುಗಳವರೆಗೆ ಕೇಳಬಹುದು. ಆದರೆ ಬಡ್ಡಿ ಓಡುತ್ತದೆ. ಆದೇಶಕ್ಕೂ ಮೊದಲೇ ಖಾತೆಯನ್ನು ತಾತ್ಕಾಲಿಕವಾಗಿ ಹಿಡಿದಿದ್ದರೆ ತಡಮಾಡದೆ ಆಕ್ಷೇಪಣೆ ಸಲ್ಲಿಸಿ. ಆ ಜಪ್ತಿಯ ಆಯುಸ್ಸು ಒಂದೇ ವರ್ಷ. ಈ ಅಧಿಕಾರ ಕಠೋರವಾದದ್ದು, ಅಳೆದು ತೂಗಿ ಬಳಸಬೇಕು ಎಂದು ಸುಪ್ರೀಂ ಕೋರ್ಟು 2021ರಲ್ಲಿ ರಾಧಾ ಕೃಷನ್ ಇಂಡಸ್ಟ್ರೀಸ್ ಪ್ರಕರಣದಲ್ಲಿ ಹೇಳಿದೆ.

ಆದಾಯ ತೆರಿಗೆಯ ಬೇಡಿಕೆ ನೋಟಿಸಿಗೆ 30 ದಿನದ ಗಡುವು. ಆಮೇಲೆ ತಿಂಗಳಿಗೆ ಶೇ 1 ಬಡ್ಡಿ. ಬೇಡಿಕೆ ತಪ್ಪೆನಿಸಿದರೆ ಮೇಲ್ಮನವಿ ಹಾಕಿ, ಸಾಮಾನ್ಯವಾಗಿ ಶೇ 20 ಕಟ್ಟಿ ಉಳಿದದ್ದಕ್ಕೆ ತಡೆ ಕೇಳಬಹುದು. ಇಲಾಖೆ ಸಂಬಳ ಹಿಡಿಯಬಹುದಾದರೂ 60ನೇ ಕಲಮಿನ ರಕ್ಷಣೆ ಅಲ್ಲಿಯೂ ಉಂಟು. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದು ಕಲಂ ಸಂಖ್ಯೆಗಳು ಬದಲಾಗಿವೆ. ಹಳೆಯ ಅರ್ಜಿಯ ನಮೂನೆಯನ್ನು ಹಾಗೇ ನಕಲು ಮಾಡಬೇಡಿ.

ಬ್ಯಾಂಕೇ ವಜಾ ಹಾಕಿಕೊಂಡರೆ

ಮೊದಲು ಶಾಖೆಗೆ ಬರೆದು ಕಾರಣ ಕೇಳಿ. ಸಾಲ ಒಬ್ಬರದು, ಖಾತೆ ಜಂಟಿ ಎಂದಾದರೆ ಆಕ್ಷೇಪಿಸಿ. ಮೈಕ್ರೋಫೈನಾನ್ಸ್ ಸಾಲವಾದರೆ ನಿಮ್ಮ ಪಕ್ಷ ಇನ್ನೂ ಗಟ್ಟಿ: ವಾರ್ಷಿಕ 3 ಲಕ್ಷದವರೆಗೆ ಆದಾಯವಿರುವ ಕುಟುಂಬಕ್ಕೆ ಕೊಡುವ ಇಂಥ ಸಾಲಕ್ಕೆ ಅಡಮಾನ ಕೇಳಬಾರದು, ಠೇವಣಿ ಖಾತೆಯ ಮೇಲೆ ಹಿಡಿತ ಇಟ್ಟುಕೊಳ್ಳಬಾರದು ಎಂಬುದು ರಿಸರ್ವ್ ಬ್ಯಾಂಕಿನ 2022ರ ನಿಯಮ. ಸರ್ಕಾರದ ನೆರವಿನ ಹಣವಾದರೆ ಜಿಲ್ಲಾಧಿಕಾರಿ ಕಚೇರಿಗೂ ಒಂದು ಪ್ರತಿ ಕೊಡಿ. 2024ರಲ್ಲಿ ಬರ ಪರಿಹಾರವನ್ನು ಸಾಲಕ್ಕೆ ಜಮೆ ಮಾಡಿಕೊಂಡ ದೂರುಗಳು ಬಂದಾಗ, ಹಾಗೆ ಮಾಡಬಾರದೆಂದು ಬ್ಯಾಂಕುಗಳಿಗೆ ಸೂಚನೆ ಹೋಗಿತ್ತು. ಬ್ಯಾಂಕು 30 ದಿನದಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಹೋಗಿ. ಶುಲ್ಕವಿಲ್ಲ. ಮಾಹಿತಿಗೆ 14448.

ಎಚ್ಚರಿಕೆ

• ಸಾಲಕ್ಕೆ ಜೈಲು ಎಂಬ ಬೆದರಿಕೆಗೆ ಬಗ್ಗಬೇಡಿ. ಹಣದ ಡಿಕ್ರಿಯಲ್ಲಿ ಮಹಿಳೆಯರನ್ನು ಬಂಧಿಸುವಂತೆಯೇ ಇಲ್ಲ. ಗಂಡಸರನ್ನೂ ಕಟ್ಟಲು ಶಕ್ತಿಯಿಲ್ಲ ಎಂಬ ಒಂದೇ ಕಾರಣಕ್ಕೆ ಜೈಲಿಗೆ ಕಳಿಸಬಾರದೆಂದು ಸುಪ್ರೀಂ ಕೋರ್ಟು 1980ರ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಹೇಳಿದೆ. ಆದರೆ ಹಣವಿದ್ದೂ ಬಚ್ಚಿಟ್ಟರೆ ಈ ರಕ್ಷಣೆ ಇಲ್ಲ. ಚೆಕ್ ಬೌನ್ಸ್ ಪ್ರಕರಣ ಬೇರೆಯೇ, ಅದು ಕ್ರಿಮಿನಲ್.

• ಮೈಕ್ರೋಫೈನಾನ್ಸ್ ವಸೂಲಿಗಾರರು ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಕರೆ ಮಾಡುವಂತಿಲ್ಲ. ಮೀರಿದರೆ ಕರೆಯ ವಿವರ ಉಳಿಸಿಕೊಂಡು ಠಾಣೆಗೆ ದೂರು ಕೊಡಿ.

• ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ಸಾಲಗಾರನನ್ನು ಬಿಟ್ಟು ಸಂಬಳವಿರುವ ಜಾಮೀನುದಾರನನ್ನೇ ಮೊದಲು ಹಿಡಿಯಬಹುದು. ಹಾಗೆ ಕಟ್ಟಿದವರು ರಸೀದಿ ಇಟ್ಟುಕೊಂಡರೆ ಮೂಲ ಸಾಲಗಾರನಿಂದ ವಸೂಲು ಮಾಡುವ ಹಕ್ಕು ಅವರಿಗಿದೆ.

• ಲೋಕ ಅದಾಲತ್‌ನಲ್ಲಿ ರಾಜಿಗೆ ಸಹಿ ಹಾಕುವ ಮುನ್ನ ಕಂತು ನಿಮ್ಮ ಕೈಗೆಟಕುವುದೇ ನೋಡಿ. ಅಲ್ಲಿಯ ತೀರ್ಮಾನವೂ ಡಿಕ್ರಿಯೇ, ಅದಕ್ಕೆ ಮೇಲ್ಮನವಿ ಇಲ್ಲ.

ಸಾಮಾನ್ಯ ತಪ್ಪುಗಳು

ನೋಟಿಸ್ ಪಡೆಯದೆ ವಾಪಸ್ ಕಳಿಸುವುದು. ಪಡೆಯದಿದ್ದರೆ ಕೇಸು ನಿಲ್ಲುತ್ತದೆಂಬ ನಂಬಿಕೆ ಹಳ್ಳಿಗಳಲ್ಲಿ ಇನ್ನೂ ಇದೆ. ಬೇಡವೆಂದು ಹಿಂದಿರುಗಿಸಿದ ಸಮನ್ಸನ್ನೂ ಕೋರ್ಟು ಜಾರಿಯಾದದ್ದೆಂದು ಪರಿಗಣಿಸಬಹುದು, ಡಿಕ್ರಿ ನಿಮ್ಮ ಬೆನ್ನ ಹಿಂದೆ ಆಗುತ್ತದೆ.

ಡಿಕ್ರಿದಾರನ ಕೈಗೆ ಹಣ ಕೊಟ್ಟು ಸುಮ್ಮನಾಗುವುದು. ಕೋರ್ಟಿನ ಹೊರಗೆ ಕಟ್ಟಿದ್ದನ್ನು 30 ದಿನದೊಳಗೆ ಕೋರ್ಟಿನಲ್ಲಿ ದಾಖಲಿಸಬೇಕು. ದಾಖಲಾಗದ ಪಾವತಿಯನ್ನು ಅಮಲ್ಜಾರಿ ಕೋರ್ಟು ಲೆಕ್ಕಕ್ಕೆ ಹಿಡಿಯುವುದಿಲ್ಲ, ಕೊಟ್ಟದ್ದನ್ನೇ ಮತ್ತೆ ಕೊಡಬೇಕಾದೀತು. ಬ್ಯಾಂಕ್ ಮೂಲಕ ಅಥವಾ ಕೋರ್ಟಿನಲ್ಲೇ ಕಟ್ಟುವುದು ಕ್ಷೇಮ.

ಎಲ್ಲ ಹಣವನ್ನೂ ಒಂದೇ ಖಾತೆಗೆ ಸೇರಿಸುವುದು. ಪಿಂಚಣಿ, ರೇಷ್ಮೆಗೂಡಿನ ಹಣ, ಕೈಸಾಲ ಎಲ್ಲ ಒಂದಾದರೆ ರಕ್ಷಣೆಯ ಹಣ ಯಾವುದೆಂದು ತೋರಿಸುವುದು ಕಷ್ಟ. ಸಂಬಳ ಅಥವಾ ಪಿಂಚಣಿಗೆಂದೇ ಒಂದು ಖಾತೆ ಇರಲಿ, ಸಾಲವಿರುವ ಬ್ಯಾಂಕಿನಲ್ಲಿ ಅದು ಬೇಡ.

ಜಪ್ತಿಯ ಸುಳಿವು ಸಿಕ್ಕೊಡನೆ ಜಮೀನು, ಹಣವನ್ನು ನೆಂಟರ ಹೆಸರಿಗೆ ಮಾಡುವುದು. ಸಾಲ ಕೊಟ್ಟವರನ್ನು ವಂಚಿಸಲು ಮಾಡಿದ ವರ್ಗಾವಣೆಯನ್ನು ಕೋರ್ಟು ರದ್ದು ಮಾಡಬಲ್ಲದು. ಆಮೇಲೆ ನಿಮ್ಮ ನಿಜವಾದ ಕಷ್ಟದ ಮಾತನ್ನೂ ನಂಬುವವರಿರುವುದಿಲ್ಲ.

ಕೆಲಸ ಬಿಟ್ಟರೆ ಕಡಿತ ತಪ್ಪುತ್ತದೆಂದುಕೊಳ್ಳುವುದು. ಸಂಬಳ ಹೋಗುತ್ತದೆ, ಡಿಕ್ರಿ ಉಳಿಯುತ್ತದೆ, ಬಡ್ಡಿ ಬೆಳೆಯುತ್ತದೆ.

60ನೇ ಕಲಂ ಸಾಲವನ್ನು ಅಳಿಸುವುದಿಲ್ಲ, ತೀರಿಸುವವರೆಗೆ ಒಲೆ ಆರದಂತೆ ನೋಡಿಕೊಳ್ಳುತ್ತದೆ ಅಷ್ಟೇ. ಉಳಿದ ಬಾಕಿಗೆ ಒಪ್ಪಂದವನ್ನೋ ಕಂತನ್ನೋ ಕೇಳಲು ಕಡಿತ ನಡೆಯುತ್ತಿರುವ ತಿಂಗಳುಗಳೇ ಸಕಾಲ, ಏಕೆಂದರೆ ಸಂಬಳದಿಂದ ಸಿಗುವುದು 24 ತಿಂಗಳಷ್ಟೇ ಎಂಬುದು ಡಿಕ್ರಿದಾರನ ವಕೀಲರಿಗೂ ಗೊತ್ತಿರುತ್ತದೆ. ಆದೇಶದ ಪ್ರತಿ, ಒಂದು ವರ್ಷದ ಖಾತೆ ವಿವರ, ಸಂಬಳ ಚೀಟಿ, ಸಾಲದ ಕಾಗದ, ಕಟ್ಟಿದ ರಸೀದಿ, ಈ ಐದನ್ನು ಒಂದು ಫೈಲಿನಲ್ಲಿಟ್ಟುಕೊಂಡು ನಾಳೆ ಬೆಳಿಗ್ಗೆಯೇ ಕೊಳ್ಳೇಗಾಲದ ಕಾನೂನು ಸೇವಾ ಸಮಿತಿಗೆ ಹೋಗಿ.